ನೆಲವು ನೀರಾಗುವ ಬಗೆ

ಚಿಕ್ಕಂದಿನಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿದವರು ಭೂಮಿಯ ಹೆಸರುಗಳ ಪಟ್ಟಿಯನ್ನು ಇಂದಿಗೂ ಮರೆತಿರಲಾರರು. ಅಚಲಾ ಎಂದರೆ ಚಲಿಸದವಳು. ಸ್ಥಿರಾ ಎಂದರೆ ನೆಲೆನಿಂತವಳು. ಧರಾ ಎಂದರೆ ಹೊತ್ತುಕೊಂಡವಳು. ಮನುಷ್ಯನು ಮನೆಯ ಗೋಡೆಯನ್ನು ಸಂಶಯಿಸಿಯಾನು, ಮಾಡಿನ ತೊಲೆಯನ್ನು ಸಂಶಯಿಸಿಯಾನು. ಕಾಲಕೆಳಗಿನ ನೆಲವನ್ನು ಸಂಶಯಿಸುವವನು ವಿರಳ. ಆದರೆ ಅದೇ ಪಟ್ಟಿಯಲ್ಲಿ ಅದೇ ಉಸಿರಿನಲ್ಲಿ ರಸಾ ಎಂಬ ಇನ್ನೊಂದು ಹೆಸರೂ ಉಂಟು. ರಸವೆಂದರೆ ದ್ರವ. ಅರ್ಥವನ್ನು ವಿಚಾರಿಸದೆ ನಾವು ಒಪ್ಪಿಸುತ್ತಿದ್ದ ಈ ಎರಡು ಬಗೆಯ ಹೆಸರುಗಳು ಒಬ್ಬಳೇ ತಾಯಿಗೆ ಹೇಗೆ ಸಲ್ಲುವವೆಂಬುದನ್ನು ೧೯೩೪ನೆಯ ಇಸವಿ ಜನವರಿ ೧೫ನೆಯ ತಾರೀಖು ಉತ್ತರ ಬಿಹಾರದ ಜನರು ಕಣ್ಣಾರೆ ಕಂಡರು.

ಅಂದಿಗೆ ತೊಂಬತ್ತು ವರ್ಷಗಳ ಮೇಲಾಯಿತು. ಆ ದಿನವನ್ನು ಇಂದು ನೆನೆಯಲು ಕಾರಣವೇನೆಂದು ವಾಚಕರು ಕೇಳಬಹುದು. ಆ ದಿನ ಏಳಿಸಿದ ಪ್ರಶ್ನೆಗೆ ಶಾಸ್ತ್ರವು ಉತ್ತರವನ್ನು ಕಂಡುಹಿಡಿದಿದೆ. ಆದರೆ ಆ ಉತ್ತರವು ಊರು ಕಟ್ಟುವವರ ಕೈಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ. ಇದೇ ಕಾರಣ.

ಬಿಹಾರದ ಆ ಮಧ್ಯಾಹ್ನ

ಸಂಕ್ರಾಂತಿಯ ಸಮಯ; ಮಧ್ಯಾಹ್ನ ೨ ಗಂಟೆ ೧೩ ನಿಮಿಷ. ಹಿಮಾಲಯದ ಅಡಿಯಲ್ಲಿ ಹುಟ್ಟಿದ, ೮ರ ಆಸುಪಾಸಿನ ಪ್ರಮಾಣದ ಮಹಾಕಂಪವು ನೇಪಾಳವನ್ನೂ ಬಿಹಾರವನ್ನೂ ಏಕಕಾಲಕ್ಕೆ ಅಲುಗಿಸಿತು. ಕಾಠ್ಮಂಡುವಿನ ಕಣಿವೆಯಲ್ಲಿ ಗುಡಿಗೋಪುರಗಳು ಉರುಳಿದವು. ಗಂಗೆಯ ದಕ್ಷಿಣ ದಡದ ಮುಂಗೇರ್ ಪಟ್ಟಣದ ಪೇಟೆಯು ಇಟ್ಟಿಗೆಯ ರಾಶಿಯಾಯಿತು. ಸರ್ಕಾರಿ ಎಣಿಕೆಯಂತೆ ಬಿಹಾರದಲ್ಲಿ ೭,೨೫೩ ಮಂದಿಯೂ ನೇಪಾಳದಲ್ಲಿ ೮,೫೧೯ ಮಂದಿಯೂ ಮಡಿದರು. ಸೆರೆಯಲ್ಲಿದ್ದ ಬಾಬು ರಾಜೇಂದ್ರ ಪ್ರಸಾದರು ಎರಡೇ ದಿನಗಳಲ್ಲಿ ಬಿಡುಗಡೆ ಹೊಂದಿ, ರೋಗಪೀಡಿತರಾಗಿದ್ದರೂ ಪರಿಹಾರಕಾರ್ಯದ ಭಾರವನ್ನು ಹೊತ್ತರು. ದೇಶದ ಮೂಲೆಮೂಲೆಗಳಿಂದ ಧನವೂ ಧಾನ್ಯವೂ ಹರಿದುಬಂದವು.

ಮುಂಗೇರಿನಲ್ಲಿ ಆದುದು ಭಯಂಕರವಾದರೂ ಅರ್ಥವಾಗತಕ್ಕ ಸಂಗತಿ. ನೆಲ ನಡುಗಿತು, ಗೋಡೆ ಬಿದ್ದಿತು. ಆದರೆ ಗಂಗೆಯ ಉತ್ತರಕ್ಕೆ, ಸೀತಾಮಢೀ, ಮಧುಬನಿಗಳನ್ನು ಒಳಗೊಂಡು ಪೂರ್ಣಿಯಾದ ಕಡೆಗೆ ಸುಮಾರು ೩೦೦ ಕಿಲೋಮೀಟರು ಉದ್ದಕ್ಕೆ ಚಾಚಿದ ಬಯಲಿನಲ್ಲಿ ಆದುದೇ ಬೇರೆ. ಅಲ್ಲಿಯ ಮನೆಗಳು ಒಡೆದು ಚೂರಾಗುವುದಕ್ಕೆ ಬದಲಾಗಿ ಇಡಿಯಾಗಿ ಓರೆಯಾದವು. ಹಡಗು ಮುಳುಗುವಂತೆ ತಳಪಾಯಸಮೇತ ನೆಲದೊಳಕ್ಕೆ ಇಳಿದವು. ರಸ್ತೆಯ ಮತ್ತು ರೈಲಿನ ಎತ್ತರದ ಏರಿಗಳು ಸುತ್ತಲ ಗದ್ದೆಯ ಮಟ್ಟಕ್ಕೆ ಕುಸಿದವು. ಕೊಳಗಳ ತಳವು ಮೇಲೆದ್ದು ಬಂದಿತು. ನೆಲವು ಗೆರೆಗೆರೆಯಾಗಿ ಬಿರಿದು, ಬಿರುಕುಗಳಿಂದ ನೀರೂ ಮರಳೂ ಕಾರಂಜಿಯಂತೆ ಚಿಮ್ಮಿದವು. ಕಂಪ ನಿಂತ ಮೇಲೆಯೂ ಈ ಚಿಮ್ಮುವಿಕೆ ನಿಲ್ಲಲಿಲ್ಲ. ಕುಡಿಯುವ ಬಾವಿಗಳು ಮರಳಿನಿಂದ ತುಂಬಿಹೋದವು. ಬೆಳೆದು ನಿಂತ ಪೈರಿನ ಮೇಲೆ ಬೂದುಬಣ್ಣದ ಮರಳಿನ ಹೊದಿಕೆ ಹಾಸಿತು. ಸಕ್ಕರೆಯ ಗಿರಣಿಗಳು ಕೆಟ್ಟು, ಕಡಿಯಬೇಕಾದ ಕಬ್ಬು ಹೊಲದಲ್ಲಿಯೇ ಉಳಿಯಿತು. ಸತ್ತವರ ಸಂಸ್ಕಾರ ಮುಗಿದ ಮೇಲೆ ಬದುಕಿದವರ ಮುಂದೆ ನಿಂತ ಕೆಲಸವೆಂದರೆ ಬಾವಿಯ ಮರಳನ್ನು ತೋಡುವುದು, ಹೊಲದ ಮರಳನ್ನು ಹೊರುವುದು.

ಭಾರತದ ಭೂಗರ್ಭ ಸಮೀಕ್ಷಣ ಇಲಾಖೆಯ ಡನ್, ಆಡೆನ್, ಘೋಷ್ ಮೊದಲಾದವರು ಊರೂರು ತಿರುಗಿ ೧೯೩೯ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಪ್ರದೇಶವನ್ನು ‘ಕುಸಿತದ ಪಟ್ಟಿ’ ಎಂದು ಕರೆದರು. ಹಾನಿಯು ಅಷ್ಟು ವಿಚಿತ್ರವೂ ವಿಸ್ತಾರವೂ ಆಗಿದ್ದುದರಿಂದ ಕಂಪದ ಮೂಲವು ಆ ಬಯಲಿನ ಅಡಿಯಲ್ಲಿಯೇ ಇರಬೇಕೆಂದು ಆಗ ಊಹಿಸಲಾಯಿತು. ಹಲವು ದಶಕಗಳ ತರುವಾಯ ಕಂಪಲೇಖನ ಯಂತ್ರಗಳ ಹಳೆಯ ದಾಖಲೆಗಳನ್ನು ಮತ್ತೆ ಲೆಕ್ಕಹಾಕಿದಾಗ, ಕಂಪವು ಆರಂಭವಾದ ಸ್ಥಳವು ಪೂರ್ವ ನೇಪಾಳದ ಪರ್ವತಗಳ ಅಡಿಯಲ್ಲಿ, ಎವರೆಸ್ಟಿನ ದಕ್ಷಿಣಕ್ಕೆ ಇದ್ದುದಾಗಿ ತಿಳಿದುಬಂದಿತು. ಸೀತಾಮಢೀ ಅಲ್ಲಿಂದ ನೂರು ಕಿಲೋಮೀಟರಿಗೂ ಮಿಕ್ಕ ದೂರ. ಹಾಗಾದರೆ ಅಷ್ಟು ದೂರದ ಆ ಬಯಲು ಮುಳುಗಿದುದೇಕೆ?

ಇಬ್ಬರು ಮಹನೀಯರ ಮಾತು

ಈ ‘ಏಕೆ’ ಎಂಬ ಪ್ರಶ್ನೆಯು ಅಂದು ದೇಶದ ಇಬ್ಬರು ಮಹಾಪುರುಷರನ್ನು ಪರಸ್ಪರ ಎದುರು ನಿಲ್ಲಿಸಿತು. ಹರಿಜನ ಪ್ರವಾಸದಲ್ಲಿದ್ದ ಮಹಾತ್ಮಾ ಗಾಂಧಿಯವರು ಜನವರಿ ೨೪ರಂದು ತಿರುನೆಲ್ವೇಲಿಯಲ್ಲಿ ಮಾತನಾಡುತ್ತ, ಈ ಉತ್ಪಾತವು ಅಸ್ಪೃಶ್ಯತೆಯೆಂಬ ಪಾಪಕ್ಕಾಗಿ ದೈವವು ಕಳುಹಿಸಿದ ಶಿಕ್ಷೆಯೆಂದು ತಾವು ನಂಬುವುದಾಗಿ ಹೇಳಿದರು. ಅಸ್ಪೃಶ್ಯತೆಯ ವಿಷಯದಲ್ಲಿ ಮಹಾತ್ಮರೊಡನೆ ಏಕಮತದವರಾದ ರವೀಂದ್ರನಾಥ ಠಾಕೂರರು ಇದನ್ನು ಕೇಳಿ ನೊಂದರು. ಭೌತಿಕ ಘಟನೆಗಳಿಗೆ ಭೌತಿಕ ಕಾರಣಗಳೇ ಇರತಕ್ಕವು, ನೀತಿಯನ್ನು ಪ್ರಕೃತಿಯ ಉತ್ಪಾತಕ್ಕೆ ಗಂಟುಹಾಕಿದರೆ ಅವಿವೇಕಕ್ಕೆ ಬಲ ಕೊಟ್ಟಂತಾಗುವುದೆಂದು ಪ್ರತಿವಾದಿಸಿದರು. ಮಹಾತ್ಮರು ಆ ಪ್ರತಿವಾದವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ತಮ್ಮ ಉತ್ತರದೊಡನೆ ಪ್ರಕಟಿಸಿದರು. ಭಿನ್ನಾಭಿಪ್ರಾಯವನ್ನು ಇಷ್ಟು ಗೌರವದಿಂದ ನಡೆಸುವ ರೀತಿಯನ್ನು ಇಂದಿನ ಸಾರ್ವಜನಿಕರು ಕಲಿಯತಕ್ಕುದಾಗಿದೆ.

ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಬಿಹಾರದ ನೆಲವೇ ಈ ವಿವಾದದಲ್ಲಿ ಒಂದು ಸಾಕ್ಷ್ಯವನ್ನು ನುಡಿಯುತ್ತದೆ. ಕುಸಿತದ ಪಟ್ಟಿಯ ಗೆರೆಯು ಜಾತಿಯನ್ನಾಗಲಿ ಮತವನ್ನಾಗಲಿ ಪಾಪಪುಣ್ಯಗಳನ್ನಾಗಲಿ ಅನುಸರಿಸಿ ಹರಿಯಲಿಲ್ಲ. ಅದು ಮಣ್ಣನ್ನು ಅನುಸರಿಸಿತು. ಹಿಮಾಲಯದಿಂದ ಇಳಿಯುವ ಬಾಗಮತಿ, ಕಮಲಾ, ಕೋಸಿ ಮುಂತಾದ ನದಿಗಳು ಯುಗಯುಗಗಳಿಂದ ಹಾಸುತ್ತ ಬಂದ ನುಣುಪು ಮರಳು, ಆ ಮರಳಿನಲ್ಲಿ ಕೆಲವೇ ಅಡಿಗಳ ಕೆಳಗೆ ತುಂಬಿ ನಿಂತ ನೀರು ಎಲ್ಲಿದ್ದವೋ ಅಲ್ಲಿಯೇ ನೆಲವು ಮನೆಗಳನ್ನು ನುಂಗಿತು. ಬಲಿಯಾದವರಲ್ಲಿ ಸವರ್ಣೀಯರೂ ಇದ್ದರು, ಯಾರ ಮೇಲಿನ ಅನ್ಯಾಯಕ್ಕೆ ಇದು ಶಿಕ್ಷೆಯೆನ್ನಲಾಯಿತೋ ಆ ಹರಿಜನರೂ ಇದ್ದರು.

ಪಾವಿನ ಕಾಳು ಮತ್ತು ಮರಳಿನ ಕಣ

ಇನ್ನು ಕಾರಣವನ್ನು ವಿಚಾರಿಸೋಣ. ಪೇಟೆಯಲ್ಲಿ ರಾಗಿಯನ್ನು ಅಳೆಯಿಸಿಕೊಂಡವರಿಗೆಲ್ಲ ಒಂದು ಅನುಭವವುಂಟು. ಪಾವಿನ ತುಂಬ ಕಾಳನ್ನು ಹಗುರವಾಗಿ ಸುರಿದರೆ ಅದು ಅಂಚಿನವರೆಗೆ ತುಂಬಿದಂತೆ ಕಾಣುವುದು; ಪಾವನ್ನು ನಾಲ್ಕು ಸಲ ನೆಲಕ್ಕೆ ತಟ್ಟಿದರೆ ಕಾಳು ಒಂದು ಬೆರಳಿನಷ್ಟು ಕೆಳಗಿಳಿಯುವುದು. ಕಾಳು ಕಡಿಮೆಯಾಗಲಿಲ್ಲ, ಕಾಳಿನ ನಡುವಣ ಸಂದುಗಳು ಕಡಿಮೆಯಾದವು. ಸಂದಿನಲ್ಲಿದ್ದ ಗಾಳಿಯು ಕ್ಷಣಮಾತ್ರದಲ್ಲಿ ಹೊರಕ್ಕೆ ಓಡಿತು.

ನದಿಯು ಹೊಸದಾಗಿ ತಂದು ಹಾಕಿದ ಮರಳು ಹೀಗೆ ಹಗುರವಾಗಿ ಸುರಿದ ಕಾಳಿನಂತೆಯೇ ಇರುತ್ತದೆ. ಒಂದು ಕಣವು ಇನ್ನೊಂದರ ಮೇಲೆ ಸಡಿಲವಾಗಿ ಒರಗಿರುತ್ತದೆ. ಮೇಲಣ ಮಣ್ಣಿನ ಭಾರವೂ ಮನೆಯ ಭಾರವೂ ಕಣದಿಂದ ಕಣಕ್ಕೆ ದಾಟುತ್ತ ಕೆಳಗಿಳಿಯುತ್ತವೆ. ಕಣಗಳು ಒಂದನ್ನೊಂದು ಒತ್ತಿಹಿಡಿದಿರುವುದರಿಂದಲೇ ಅವುಗಳ ನಡುವೆ ಘರ್ಷಣೆಯುಂಟು. ಆ ಘರ್ಷಣೆಯೇ ಮರಳಿನ ಬಲವೆಲ್ಲ. ಮರಳಿಗೆ ಜೇಡಿಯಂತೆ ಅಂಟಿಕೊಳ್ಳುವ ಗುಣವಿಲ್ಲ. ಒತ್ತಿಹಿಡಿಯುವುದು ತಪ್ಪಿತೆಂದರೆ ಅದಕ್ಕೆ ಬೇರೆ ಆಸರೆಯಿಲ್ಲ.

ಈ ಮರಳಿನ ಸಂದುಗಳಲ್ಲಿ ಗಾಳಿಗೆ ಬದಲಾಗಿ ನೀರು ತುಂಬಿದೆಯೆಂದು ಭಾವಿಸಿರಿ. ನೆಲ ನಡುಗಿತು. ತಟ್ಟಿದ ಪಾವಿನ ಕಾಳಿನಂತೆ ಮರಳು ಬಿಗಿಯಾಗಿ ಕೂರಲು ಹವಣಿಸುತ್ತದೆ. ಆದರೆ ಸಂದಿನಲ್ಲಿರುವ ನೀರು ಕುಗ್ಗತಕ್ಕದ್ದಲ್ಲ. ನುಣುಪು ಮರಳಿನ ಕಿರುದಾರಿಗಳಲ್ಲಿ ಹಾದು ಕೆಲವೇ ಕ್ಷಣಗಳಲ್ಲಿ ಹೊರಕ್ಕೆ ಓಡುವುದೂ ಅದಕ್ಕೆ ಸಾಧ್ಯವಲ್ಲ. ಆದಕಾರಣ ಇದುವರೆಗೆ ಕಣಗಳು ಹೊತ್ತಿದ್ದ ಭಾರವು ನೀರಿನ ಮೇಲೆ ಬೀಳುತ್ತದೆ. ಒಂದೊಂದು ಅಲುಗಾಟಕ್ಕೂ ನೀರಿನ ಒತ್ತಡವು ಏರುತ್ತದೆ. ಅದು ಏರಿದಷ್ಟೂ ಕಣಗಳ ಪರಸ್ಪರ ಹಿಡಿತವು ಸಡಿಲುತ್ತದೆ. ಕಡೆಗೆ ಮೇಲಣ ಭಾರವೆಲ್ಲವನ್ನೂ ನೀರೇ ಹೊತ್ತು, ಕಣಗಳು ಅದರಲ್ಲಿ ತೇಲುವ ಸ್ಥಿತಿಗೆ ಬರುತ್ತವೆ. ಆ ಕ್ಷಣದಲ್ಲಿ ಮರಳು ನೆಲವಾಗಿ ಉಳಿಯುವುದಿಲ್ಲ. ನೀರಿಗಿಂತ ಹತ್ತಿರಹತ್ತಿರ ಎರಡರಷ್ಟು ತೂಕದ ಗಟ್ಟಿ ಗಂಜಿಯಾಗುತ್ತದೆ. ಶಾಸ್ತ್ರಜ್ಞರು ಇದನ್ನು ದ್ರವೀಭವನವೆಂದು ಕರೆಯುತ್ತಾರೆ. ಒಟ್ಟು ಭಾರದಲ್ಲಿ ಕಣಗಳ ಪಾಲೆಷ್ಟು, ನೀರಿನ ಪಾಲೆಷ್ಟು ಎಂಬ ಈ ಲೆಕ್ಕವನ್ನು ೧೯೨೦ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಎಂಬ ಆಸ್ಟ್ರಿಯಾದ ವಿದ್ವಾಂಸನು ಸ್ಥಾಪಿಸಿದನು. ಮಣ್ಣಿನ ಶಾಸ್ತ್ರವೆಲ್ಲವೂ ಇಂದು ಅದರ ಮೇಲೆ ನಿಂತಿದೆ.

ಈ ಒಂದು ಸೂತ್ರವನ್ನು ಹಿಡಿದರೆ ಬಿಹಾರದ ಒಗಟುಗಳೆಲ್ಲ ಬಿಡಿಸಿಕೊಳ್ಳುತ್ತವೆ. ಗಂಜಿಯಂತಾದ ನೆಲದಲ್ಲಿ ಭಾರವಾದ ಕಟ್ಟಡವು ಮುಳುಗುವುದು, ಪೊಳ್ಳಾದ ನೆಲತೊಟ್ಟಿ ಕೊಳವೆಗಳು ಮೇಲಕ್ಕೆ ತೇಲುವವು. ಏರಿಯು ತನ್ನ ಭಾರದಿಂದಲೇ ಕುಸಿಯುವುದು. ಹಾಗೆ ತಳ್ಳಲ್ಪಟ್ಟ ಮಣ್ಣು ಕೊಳದ ತಳದಲ್ಲಿ ಉಬ್ಬುವುದು. ಒತ್ತಡಕ್ಕೆ ಸಿಕ್ಕಿದ ನೀರು ಮೇಲಣ ಪದರವನ್ನು ಸೀಳಿ ಮರಳಿನೊಡನೆ ಚಿಮ್ಮುವುದು. ಒತ್ತಡ ಇಳಿಯಲು ಕಾಲ ಬೇಕಾದ್ದರಿಂದ ಕಂಪ ನಿಂತ ಮೇಲೂ ಚಿಮ್ಮುತ್ತಿರುವುದು. ನೆಲವು ಒಂದೆರಡು ಡಿಗ್ರಿಗಳಷ್ಟು ಮಾತ್ರ ಇಳಿಜಾರಾಗಿದ್ದರೂ ಸಾಕು, ಮೇಲಣ ಪದರವು ಹೊಳೆಯ ಕಡೆಗೆ ಜಾರಿ ಸೇತುವೆಯ ಕಂಬಗಳನ್ನು ನೂಕುವುದು.

ಎಲ್ಲ ಮಣ್ಣೂ ಹೀಗೆ ದ್ರವವಾಗುವುದಿಲ್ಲವೆಂಬುದನ್ನು ನೆನಪಿಡಬೇಕು. ಜೇಡಿಗೆ ಅಂಟಿನ ಬಲವುಂಟು. ದಪ್ಪ ಜಲ್ಲಿಯಿಂದ ನೀರು ಬೇಗನೆ ಹೊರಬೀಳುವುದು. ಬಿಗಿದು ಕುಳಿತ ಹಳೆಯ ಮರಳು ಅಲುಗಾಟಕ್ಕೆ ಕುಗ್ಗಲಾರದು. ಅಪಾಯವಿರುವುದು ಸಡಿಲವಾದ ನುಣುಪು ಮರಳಿನಲ್ಲಿ, ಅದೂ ನೀರಿನಿಂದ ತೊಯ್ದಿರುವಾಗ, ಹೆಚ್ಚಾಗಿ ಮೇಲಣ ಹದಿನೈದಿಪ್ಪತ್ತು ಮೀಟರುಗಳ ಆಳದೊಳಗೆ. ಸಡಿಲ ಮರಳು, ತುಂಬಿದ ನೀರು, ಬಲವಾದ ಕಂಪ. ಈ ಮೂರೂ ಕೂಡಿದರೆ ಮಾತ್ರ ಅನರ್ಥ. ಒಂದನ್ನು ತಪ್ಪಿಸಿದರೆ ಉಳಿದೆರಡು ನಿರುಪಾಯವಾಗುತ್ತವೆ.

ಜಗತ್ತು ಕಲಿತ ಪಾಠಗಳು

ಈ ಜ್ಞಾನವು ಸುಲಭವಾಗಿ ಲಭಿಸಲಿಲ್ಲ. ೧೯೬೪ರ ಜೂನ್ ೧೬ರಂದು ಜಪಾನಿನ ನೀಗಾಟ ನಗರದಲ್ಲಿ ನದಿಯ ಹಳೆಯ ಪಾತ್ರದ ಮೇಲೆ ಕಟ್ಟಿದ್ದ ನಾಲ್ಕಂತಸ್ತಿನ ವಸತಿಗೃಹಗಳು ಕಂಪದಲ್ಲಿ ಒಡೆಯದೆ ಹಾಗೆಯೇ ಓರೆಯಾದವು. ಒಂದಂತೂ ಬಹುಮಟ್ಟಿಗೆ ಮಲಗಿಯೇ ಬಿಟ್ಟಿತು. ನಿವಾಸಿಗಳು ಹೊರಗೋಡೆಯ ಮೇಲೆ ನಡೆದು ಕೆಳಗಿಳಿದರು. ಕಟ್ಟಿದವನ ತಪ್ಪೇನೂ ಇರಲಿಲ್ಲ. ತಪ್ಪಿದ್ದುದು ಕಟ್ಟಿದ ಸ್ಥಳದಲ್ಲಿ. ಅಂದಿನಿಂದ ಈ ವಿಷಯವು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೭೧ರ ಫೆಬ್ರವರಿಯಲ್ಲಿ ಸಾನ್ ಫರ್ನಾಂಡೋ ಕೆಳ ಅಣೆಕಟ್ಟಿನ ಒಡಲ ಮಣ್ಣು ದ್ರವವಾಗಿ, ಜಲಾಶಯದ ಕಡೆಯ ಮೈ ಜಾರಿಹೋಯಿತು. ನೀರಿಗೂ ಉಳಿದ ಏರಿಯ ತಲೆಗೂ ನಡುವೆ ಒಂದೂವರೆ ಮೀಟರಿನಷ್ಟು ಮಾತ್ರ ಅಂತರ. ಕೆಳಗಿನ ಸುಮಾರು ೮೦,೦೦೦ ಮಂದಿಯನ್ನು ಮನೆ ಬಿಡಿಸಬೇಕಾಯಿತು.

ನಮ್ಮ ದೇಶದಲ್ಲಿಯೇ ೨೦೦೧ರ ಗಣರಾಜ್ಯದ ದಿನ ಕಚ್ಛದ ರಣದಲ್ಲಿ ಒಣನೆಲವು ನೀರುಕ್ಕಿಸಿತು. ಚಾಂಗ್, ಟಪ್ಪರ್, ಫತೇಗಢ ಮೊದಲಾದ ಮಣ್ಣಿನ ಅಣೆಗಳು ಅಡಿಯ ಮೆಕ್ಕಲು ಮಣ್ಣು ಸೋತುದರಿಂದ ಜರ್ಝರಿತವಾದವು; ಚಾಂಗ್ ಅಣೆಯಂತೂ ಹೆಚ್ಚುಕಡಮೆ ನೆಲಸಮವಾಯಿತು. ಮಳೆ ಹೋದ ವರ್ಷಗಳಾಗಿದ್ದು ಜಲಾಶಯಗಳು ಬರಿದಾಗಿದ್ದುದರಿಂದ ಪ್ರಳಯ ತಪ್ಪಿತು. ಇದನ್ನು ನಮ್ಮ ಜಾಣ್ಮೆಯೆಂದು ಹೇಳಿಕೊಳ್ಳುವ ಹಾಗಿಲ್ಲ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ೨೦೧೦–೧೧ರ ಸರಣಿ ಕಂಪಗಳಲ್ಲಿ ಅದೇ ಬಡಾವಣೆಗಳ ನೆಲವು ಮತ್ತೆ ಮತ್ತೆ ದ್ರವವಾಯಿತು. ಒಮ್ಮೆ ಕುಸಿದ ನೆಲವು ಗಟ್ಟಿಯಾಯಿತೆಂದು ನೆಮ್ಮದಿಗೊಳ್ಳುವಂತಿಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು. ಅಲ್ಲಿಯ ಸರ್ಕಾರವು ಸುಮಾರು ೮,೦೦೦ ಮನೆಗಳ ನಿವೇಶನಗಳನ್ನು ವಾಸಕ್ಕೆ ಅಯೋಗ್ಯವೆಂದು ಸಾರಿತು. ಎಲ್ಲಕ್ಕಿಂತ ಕರುಣಾಜನಕವಾದುದು ೨೦೧೮ರ ಸೆಪ್ಟೆಂಬರ್ ೨೮ರಂದು ಇಂಡೋನೇಷ್ಯದ ಪಾಲು ಕಣಿವೆಯಲ್ಲಿ ನಡೆದುದು. ಪೆಟೋಬೋ, ಬಲರೋವಾ ಎಂಬ ಬಡಾವಣೆಗಳು ಮನೆ ಮರ ರಸ್ತೆಗಳೊಡನೆ ಹೊಳೆಯಂತೆ ಹರಿದುಹೋದವು. ಪೆಟೋಬೋ ಬಳಿಯ ಮೇಲ್ಗಡೆಯ ನಾಲೆಯಿಂದ ತಲೆಮಾರುಗಳ ಕಾಲ ಭತ್ತದ ಗದ್ದೆಗಳಿಗೆ ಇಳಿದ ನೀರು ನೆಲವನ್ನು ಒಳಗಿಂದೊಳಗೇ ತೋಯಿಸಿಟ್ಟಿದ್ದಿತೆಂದು ತಜ್ಞರು ಶೋಧಿಸಿದ್ದಾರೆ. ಅನ್ನ ಕೊಟ್ಟ ನಾಲೆಯೇ ನೆಲದ ಆಧಾರವನ್ನೂ ಸಡಿಲಿಸಿದ್ದಿತು.

ಪರಿಹಾರವುಂಟೆ?

ಉಂಟು, ಅದೂ ನಮ್ಮ ಇಂಜಿನಿಯರುಗಳಿಗೆ ಅಪರಿಚಿತವಾದುದೇನಲ್ಲ. ಮೊದಲನೆಯದು ಪರೀಕ್ಷೆ. ನೆಲದಲ್ಲಿ ರಂಧ್ರ ಕೊರೆದು, ೬೩.೫ ಕಿಲೋಗ್ರಾಮು ತೂಕದ ಸುತ್ತಿಗೆಯನ್ನು ೭೬ ಸೆಂಟಿಮೀಟರು ಎತ್ತರದಿಂದ ಬಿಡುತ್ತ, ಒಂದು ಕೊಳವೆಯು ೩೦ ಸೆಂಟಿಮೀಟರು ಇಳಿಯಲು ಎಷ್ಟು ಏಟು ಬೇಕೆಂದು ಎಣಿಸುತ್ತಾರೆ. ನಾಲ್ಕಾರು ಏಟಿಗೆ ಇಳಿದರೆ ಮರಳು ಸಡಿಲ; ಮೂವತ್ತು ಮೀರಿದರೆ ಬಹುಮಟ್ಟಿಗೆ ಭಯವಿಲ್ಲ. ಈ ಏಟುಗಳ ಎಣಿಕೆಯನ್ನೂ ನೀರಿನ ಮಟ್ಟವನ್ನೂ ನಿರೀಕ್ಷಿತ ಕಂಪದ ಬಲವನ್ನೂ ತೂಗಿ ನೋಡಿ ಅಪಾಯವನ್ನು ಅಳೆಯುವ ಕ್ರಮವನ್ನು ಕ್ಯಾಲಿಫೋರ್ನಿಯಾದ ಸೀಡ್ ಮತ್ತು ಇದ್ರಿಸ್ ಎಂಬವರು ೧೯೭೧ರಲ್ಲಿ ಪ್ರಕಟಿಸಿದರು. ಅದರ ಪರಿಷ್ಕೃತ ರೂಪಗಳು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿವೆ.

ಎರಡನೆಯದು ಚಿಕಿತ್ಸೆ. ಸಡಿಲ ಮರಳನ್ನು ಕಂಪನಯಂತ್ರದಿಂದಲೋ ಭಾರವಾದ ಗುದ್ದಿನಿಂದಲೋ ಮೊದಲೇ ಬಿಗಿಮಾಡಬಹುದು; ಅಂದರೆ ಭೂಕಂಪವು ಪಾವನ್ನು ತಟ್ಟುವ ಮೊದಲು ನಾವೇ ತಟ್ಟಿಡಬಹುದು. ಜಲ್ಲಿಯ ಕಂಬಗಳನ್ನು ನೆಲದಲ್ಲಿಳಿಸಿ ನೀರಿಗೆ ಹೊರದಾರಿ ಮಾಡಿಕೊಡಬಹುದು. ಗಟ್ಟಿಪದರವನ್ನು ಮುಟ್ಟುವವರೆಗೆ ತಳಗಂಬಗಳನ್ನು ಹೊಡೆಯಬಹುದು. ಇವು ಬರಿಯ ಪುಸ್ತಕದ ಮಾತುಗಳಲ್ಲ. ೧೯೯೫ರಲ್ಲಿ ಜಪಾನಿನ ಕೋಬೆ ಬಂದರಿನ ಕೃತಕ ದ್ವೀಪಗಳಲ್ಲಿ ಹೀಗೆ ಬಿಗಿಮಾಡಿದ್ದ ನಿವೇಶನಗಳು ಅಲ್ಪವಾಗಿ ತಗ್ಗಿದವು. ಪಕ್ಕದಲ್ಲಿಯೇ ಬಿಗಿಮಾಡದೆ ಬಿಟ್ಟಿದ್ದ ನೆಲವು ಮರಳು ಕಾರಿ ಕುಸಿಯಿತು.

ಮೂರನೆಯದು, ಎಲ್ಲಕ್ಕಿಂತ ಅಗ್ಗವಾದುದು, ವಿವೇಕ. ಆಸ್ಪತ್ರೆ, ಶಾಲೆ, ನೀರಿನ ತೊಟ್ಟಿ, ಸೇತುವೆಗಳ ಸ್ಥಳವನ್ನು ಗೊತ್ತುಮಾಡುವಾಗ ಹಳೆಯ ನದೀಪಾತ್ರವನ್ನೂ ಹೊಸ ತುಂಬುಮಣ್ಣನ್ನೂ ದೂರವಿಡುವುದು. ದೂರವಿಡಲಾಗದಿದ್ದರೆ ಮೊದಲು ನೆಲಕ್ಕೆ ಚಿಕಿತ್ಸೆ ಮಾಡುವುದು.

ನಮ್ಮ ನಾಡಿನ ಮಾತೇನು? ಉತ್ತರ ಬಿಹಾರದ ಭೀತಿಯನ್ನು ಕನ್ನಡನಾಡಿಗೆ ಎಳೆದುತರುವುದು ಅತಿಶಯೋಕ್ತಿಯಾದೀತು. ನಮ್ಮ ಒಳನಾಡು ಬಹುಮಟ್ಟಿಗೆ ಗಟ್ಟಿ ಶಿಲೆಯ ಮೇಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಆ ನಗರದ ಮಣ್ಣನ್ನು ಇದೇ ದೃಷ್ಟಿಯಿಂದ ಶೋಧಿಸಿ, ಹೆಚ್ಚಿನ ಭಾಗವು ಕ್ಷೇಮವೆಂದೂ, ನೀರು ಮೇಲೆಯೇ ನಿಂತಿರುವ ಮರಳುಮಿಶ್ರಿತ ಮಣ್ಣಿನ ಕೆಲವೆಡೆಗಳಲ್ಲಿ ಮಾತ್ರ ವಿಶೇಷ ಪರೀಕ್ಷೆ ಬೇಕೆಂದೂ ತಿಳಿಸಿದ್ದಾರೆ. ಆದರೆ ಧರ್ಮಾಂಬುಧಿ ಕೆರೆಯನ್ನು ಬಸ್ಸು ನಿಲ್ದಾಣವಾಗಿಯೂ ಸಂಪಂಗಿ ಕೆರೆಯನ್ನು ಕ್ರೀಡಾಂಗಣವಾಗಿಯೂ ಮಾಡಿದ ನಗರವು ‘ಇದರ ಅಡಿಯಲ್ಲಿ ಏನಿದೆ?’ ಎಂದು ಪ್ರತಿಯೊಂದು ಹೊಸ ಕಟ್ಟಡಕ್ಕೂ ಮೊದಲು ಕೇಳುವುದು ಉಚಿತ. ಕರಾವಳಿಯ ನದೀಮುಖಗಳ ಮರಳಿನ ಮೇಲೆ ಬಂದರು ಬಡಾವಣೆಗಳನ್ನು ಬೆಳೆಸುವವರಿಗೂ ಈ ಪ್ರಶ್ನೆ ಸಲ್ಲುತ್ತದೆ. ಪುರಸಭೆಯ ಅಧಿಕಾರಿಗಳು ನಕ್ಷೆಗೆ ಸಹಿ ಹಾಕುವ ಮುನ್ನ ಕಂದಾಯದ ರಸೀತಿಯನ್ನು ತಪ್ಪದೆ ನೋಡುತ್ತಾರೆ. ಮಣ್ಣಿನ ಪರೀಕ್ಷೆಯ ವರದಿಯನ್ನೂ ಅಷ್ಟೇ ಕಟ್ಟುನಿಟ್ಟಿನಿಂದ ನೋಡಲೆಂದು ನಾವು ಕೋರುತ್ತೇವೆ.

ಬಿಹಾರದ ವಿಷಯವಾದರೋ ಹಾಗೆ ಹಗುರವಲ್ಲ. ಅದೇ ಬಯಲು ಅಲ್ಲಿಯೇ ಇದೆ. ಅದೇ ಮರಳು, ಅದೇ ನೀರು. ೧೯೩೪ರಲ್ಲಿ ಇದ್ದುದಕ್ಕಿಂತ ಹಲವು ಪಟ್ಟು ಹೆಚ್ಚು ಜನರು ಇಂದು ಅದರ ಮೇಲೆ ವಾಸಿಸುತ್ತಾರೆ. ಹುಲ್ಲಿನ ಗುಡಿಸಲಿದ್ದಲ್ಲಿ ಇಟ್ಟಿಗೆ ಕಾಂಕ್ರೀಟುಗಳ ಭಾರವಾದ ಮನೆಗಳು ಎದ್ದಿವೆ. ಹಿಮಾಲಯವು ಇನ್ನೊಮ್ಮೆ ಅಲುಗದೆಂದು ಹೇಳಬಲ್ಲ ಶಾಸ್ತ್ರಜ್ಞನು ಯಾವನೂ ಇಲ್ಲ.

ಅಂದು ಮರಳು ಚಿಮ್ಮಿದಾಗ ಜನರು ಆಕಾಶದ ಕಡೆ ನೋಡಿ ಕೈಮುಗಿದರು. ಅವರಿಗೆ ಬೇರೆ ತಿಳಿವಳಿಕೆ ಇರಲಿಲ್ಲ, ಆದ್ದರಿಂದ ಅವರ ತಪ್ಪೂ ಇರಲಿಲ್ಲ. ನಮಗೆ ಆ ನೆಪವು ಉಳಿದಿಲ್ಲ. ಸ್ಥಿರೆಯೆಂದು ನಂಬಿದವಳು ಯಾವಾಗ, ಎಲ್ಲಿ, ಏತಕ್ಕೆ ರಸೆಯಾಗುವಳೆಂಬುದನ್ನು ಒಂದು ಕೊಳವೆ, ಒಂದು ಸುತ್ತಿಗೆ, ಕೆಲವು ಏಟುಗಳ ಎಣಿಕೆ ಇಂದು ಮುಂಚಿತವಾಗಿ ಹೇಳಬಲ್ಲವು. ಇದನ್ನು ಅರಿತೂ ಪರೀಕ್ಷೆಯಿಲ್ಲದೆ ಸಡಿಲ ನೆಲದ ಮೇಲೆ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಿದರೆ, ಬಿದ್ದ ದಿನ ಪಾಪವು ಯಾರದೆಂದು ಹುಡುಕಲು ದೂರ ಹೋಗಬೇಕಾಗಿಲ್ಲ. ನಕ್ಷೆಯ ಕೆಳಗಿನ ಸಹಿಯನ್ನು ಓದಿದರೆ ಸಾಕು.